ಮೊರ ಹಿಡಿದು ಕೂತ ಮಳೆಗಾಲ

ಕಬ್ಬಿಣಕ್ಕೆ ವಾಸನೆಯಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವವಳಲ್ಲ. ಸುಮ್ಮನೆ ಬಿದ್ದ ಕಬ್ಬಿಣಕ್ಕೆ ಇರಲಿಕ್ಕಿಲ್ಲ, ಕೊಯ್ಯುವಾಗ ಅದಕ್ಕೊಂದು ವಾಸನೆ ಬರುತ್ತದೆ. ಸುಟ್ಟ ಎಣ್ಣೆ, ಸಾಬೂನಿನ ನೀರು, ಬಿಸಿ ಲೋಹ ಮೂರೂ ಕಲಸಿದ ವಾಸನೆ. ಹೋದ ತಿಂಗಳು ನಂಟರ ಮದುವೆಗೆಂದು ಗಂಗಾವತಿಗೆ ಹೊರಟಿದ್ದೆವು. ಊರು ಮುಟ್ಟುವ ಮೊದಲು ಬಸ್ಸು ಒಂದು ವರ್ಕ್‌ಶಾಪಿನ ಎದುರಿಗೆ ನಿಂತಿತು, ಕಿಟಕಿಯಿಂದ ಆ ವಾಸನೆ ನುಗ್ಗಿತು. ನನಗೇ ತಿಳಿಯದೆ ಮುಂದಿನ ಸೀಟಿನ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಚೆ ಸೀಟಿನ ಹುಡುಗಿ ನನಗೆ ವಾಂತಿ ಬರುತ್ತಿದೆ ಎಂದುಕೊಂಡು ಕೈಗೆ ಪ್ಲಾಸ್ಟಿಕ್ ಚೀಲ ಕೊಟ್ಟಳು. ಪಾಪ, ಒಳ್ಳೆಯ ಹುಡುಗಿ. ವಾಂತಿಯಲ್ಲ ತಾಯಿ, ಹೆದರಿಕೆ ಎಂದಿದ್ದರೆ ಏನು ತಿಳಿದುಕೊಳ್ಳುತ್ತಿದ್ದಳೋ.

ನಮ್ಮ ಮನೆಯವರು ಪಕ್ಕದಲ್ಲೇ ನಿದ್ದೆ ಹೊಡೆಯುತ್ತಿದ್ದರು. ಬಸ್ಸಿರಲಿ, ಮದುವೆಯ ಪಂಕ್ತಿಯಿರಲಿ, ದವಾಖಾನೆಯ ಬೆಂಚಿರಲಿ, ನಾನು ಕೂಡುವುದು ಅವರ ಬಲಕ್ಕೆ. ಕೇಳಿದವರಿಗೆ ರೂಢಿ ಎಂದು ಹೇಳಿ ಮುಗಿಸುತ್ತೇನೆ. ಆ ರೂಢಿ ಬಿದ್ದದ್ದು ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಮಳೆಗಾಲದಲ್ಲಿ, ಇದೇ ಗಂಗಾವತಿಯಲ್ಲಿ. ಆ ಮಳೆಗಾಲವನ್ನು ನಾನು ಪೂರ್ತಿಯಾಗಿ ಹೆದರಿಕೆಯಲ್ಲೇ ಕಳೆದೆ. ಬೇರೆಯವರಿಗೆ ಮಳೆ ನೆನಪಿರುತ್ತದೆ, ನನಗೆ ನನ್ನ ಎದೆ ಹೊಡೆದುಕೊಳ್ಳುತ್ತಿದ್ದುದೇ ನೆನಪು.

ನಾನು ಯಲಬುರ್ಗಾ ಕಡೆಯ ಎರೆ ಹೊಲದವರ ಮಗಳು. ನಮ್ಮವರು, ಶರಣಪ್ಪ ಅಂತ ಹೆಸರು, ಕುಷ್ಟಗಿ ಕಡೆಯವರು. ಅವರದೂ ಒಕ್ಕಲುತನದ ಮನೆತನವೇ. ಆದರೆ ಇವರಿಗೆ ಮಣ್ಣಿನ ಕೆಲಸ ಹಿಡಿಸಲಿಲ್ಲ. ಹರೆಯದಲ್ಲೇ ಹೊಸಪೇಟೆಗೆ ಹೋಗಿ ಲೇತಿನ ಕೆಲಸ ಕಲಿತರು. ಕಬ್ಬಿಣದ ತುಂಡನ್ನು ತಿರುಗಿಸುತ್ತ, ಉಳಿ ಹಚ್ಚಿ ಬೇಕಾದ ಅಳತೆಗೆ ಕೊಯ್ಯುವ ಯಂತ್ರ ಅದು. ಕಾಲುವೆ ನೀರು ಬಂದ ಮೇಲೆ ಗಂಗಾವತಿಯ ತುಂಬ ಭತ್ತ, ಭತ್ತದ ಹಿಂದೆ ಅಕ್ಕಿ ಮಿಲ್ಲುಗಳು, ಮಿಲ್ಲುಗಳ ಹಿಂದೆ ಮುರಿದ ಶಾಫ್ಟು, ಸವೆದ ಪುಲ್ಲಿ. ಇವರು ಮಿಲ್ಲುಗಳ ಓಣಿಯಲ್ಲಿ ಒಂದು ತಗಡಿನ ಶೆಡ್ಡು ಹಿಡಿದು ಹಳೆಯ ಲೇತು ನಿಲ್ಲಿಸಿದರು. ಶೆಡ್ಡಿನ ಹಿಂದೆ ನಮ್ಮ ಎರಡು ಖೋಲಿಯ ಮನೆ, ನಡುವೆ ಒಂದೇ ಬಾಗಿಲು. ಮದುವೆಯಾಗಿ ಬಂದ ಹೊಸದರಲ್ಲಿ ಆ ಲೇತನ್ನು ಕಂಡು ಇದೇ ಇವರ ಮೊದಲ ಹೆಂಡತಿ ಅಂತ ನಾನು ಚೇಷ್ಟೆ ಮಾಡುತ್ತಿದ್ದೆ. ಇವರು ನಗುತ್ತಿದ್ದರು, ಇಲ್ಲ ಅನ್ನುತ್ತಿರಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಉಳಿ ಮುರಿದು ಒಂದು ಚೂರು ಇವರ ಬಲಗಣ್ಣಿಗೆ ಹೊಡೆಯಿತು. ಹುಬ್ಬಳ್ಳಿಗೆ ಹೋಗಿ ಚೂರು ತೆಗೆಸಿಕೊಂಡು ಬಂದರು. ಡಾಕ್ಟರು ಎಲ್ಲ ಸರಿಹೋಗುತ್ತದೆ ಎಂದಿದ್ದಾರೆ ಎಂದು ನನಗೂ ಹೇಳಿದರು, ಓಣಿಗೂ ಹೇಳಿದರು. ಪಟ್ಟಿ ಬಿಚ್ಚಿದ ಮೇಲೆ ಕಣ್ಣು ನೋಡಲು ಸರಿಯಾಗಿಯೇ ಇತ್ತು. ಕರಿಗುಡ್ಡೆಯ ಅಂಚಿನಲ್ಲಿ ಒಂದು ಬಿಳಿ ಚುಕ್ಕೆ, ಅಷ್ಟೇ. ನಾನು ದೇವರಿಗೆ ಕಾಯಿ ಒಡೆಸಿ ನಿಶ್ಚಿಂತಳಾದೆ.

ಆಷಾಢದ ಹೊತ್ತಿಗೆ ನನಗೆ ಅನುಮಾನ ಹುಟ್ಟಿತು. ಗೋಡೆಯ ಮೊಳೆಗೆ ಅಂಗಿ ಹಾಕಲು ಹೋಗಿ ಒಂದು ಗೇಣು ಈಚೆಗೇ ಬಿಡುತ್ತಿದ್ದರು. ಚಹಾ ಬಗ್ಗಿಸಿದರೆ ಅರ್ಧ ಬಸಿಯ ಹೊರಗೆ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಮಾತಾಡದೆ ರೊಟ್ಟಿಯನ್ನು ಅವರ ಬಲಗಡೆಯಿಂದ ಹಿಡಿದೆ. ರೊಟ್ಟಿ ಅವರ ಕಿವಿಯ ಪಕ್ಕದಲ್ಲೇ ಇತ್ತು. ಅವರು ಎದುರಿಗೆ ನೋಡುತ್ತ, ಇನ್ನೊಂದು ರೊಟ್ಟಿ ಹಾಕು ಎಂದರು. ನನ್ನ ಕೈಯಿಂದ ರೊಟ್ಟಿ ಜಾರಿ ಅವರ ತೊಡೆಯ ಮೇಲೆ ಬಿತ್ತು. ಆಗ ಅವರಿಗೂ ತಿಳಿಯಿತು, ನನಗೂ ತಿಳಿಯಿತು.

"ಎಷ್ಟು ದಿನ ಆತು?" ಎಂದು ಕೇಳಿದೆ.

"ಬಡದ ದಿನಾನ ಹೋಗೈತಿ," ಎಂದರು. "ಯಾರ ಮುಂದೂ ಅನಬ್ಯಾಡ ಗಿರಿಜಾ. ಒಕ್ಕಣ್ಣನ ಕೈಯಾಗ ಯಾವನು ಶಾಫ್ಟ್ ಕೊಡ್ತಾನ?"

ಅವರು ಹೇಳಿದ್ದು ಸುಳ್ಳಲ್ಲ. ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಮೊದಲು ಇನ್ನೊಬ್ಬ ಲೇತಿನವನಿದ್ದ. ಅವನು ಕೊಯ್ದುಕೊಟ್ಟ ಒಂದು ಪುಲ್ಲಿ ಸಡಿಲಾಗಿ ಮಿಲ್ಲಿನಲ್ಲಿ ಹಾರಿಬಿತ್ತು. ಯಾರಿಗೂ ಏನೂ ಆಗಲಿಲ್ಲ. ಮಿಲ್ಲಿನ ಸಾಹುಕಾರರು ಬೈಯಲೂ ಇಲ್ಲ, ಅವನಿಗೆ ಕೆಲಸ ಕಳಿಸುವುದನ್ನು ನಿಲ್ಲಿಸಿದರು. ಅವರು ನಿಲ್ಲಿಸಿದ್ದನ್ನು ನೋಡಿ ಉಳಿದ ಮಿಲ್ಲಿನವರೂ ನಿಲ್ಲಿಸಿದರು. ಮುಂದಿನ ಸುಗ್ಗಿಯೊಳಗೆ ಅವನ ಲೇತು ಲಾರಿ ಹತ್ತಿ ಹೋಯಿತು, ಅವನು ಯಾವೂರು ಸೇರಿದನೋ ಯಾರೂ ಕೇಳಲಿಲ್ಲ. ಇವರು ಕೆಡಿಸುವ ಒಂದೇ ಒಂದು ಕೆಲಸ ಸಾಕಿತ್ತು ನಮಗೂ ಹಾಗಾಗಲು. ಲೇತಿಲ್ಲದ ಇವರನ್ನು ನೆನೆಸಿಕೊಂಡರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಇನ್ನೊಂದು ಹೆದರಿಕೆಯನ್ನು ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ: ಆ ಯಂತ್ರ ಉಳಿದ ಕಣ್ಣನ್ನೂ ತಿಂದರೆ?

ಹಟ ಹಿಡಿದು ಒಂದು ಕನ್ನಡಕ ತರಿಸಿದೆ. ನಂಬರಿಲ್ಲದ ಬರಿ ಗಾಜು. ಒಳ್ಳೆಯ ಕಣ್ಣಿಗೆ ಕಾವಲೂ ಆಯಿತು, ಬಿಳಿ ಚುಕ್ಕೆಗೆ ಮರೆಯೂ ಆಯಿತು. ಆದರೆ ಕನ್ನಡಕ ನೋಟ ಕೊಡುವುದಿಲ್ಲವಲ್ಲ. ಒಂಟಿ ಕಣ್ಣಿಗೆ ಹತ್ತಿರ ಯಾವುದು, ದೂರ ಯಾವುದು ತಿಳಿಯುವುದಿಲ್ಲ. ಉಳಿಯ ಮೊನೆ ಕಬ್ಬಿಣಕ್ಕೆ ತಾಗಿತೋ, ಕೂದಲೆಳೆ ದೂರವಿದೆಯೋ, ಅಷ್ಟರ ಮೇಲೆ ಅವರ ಕೆಲಸವೆಲ್ಲ ನಿಂತಿತ್ತು. ಅದಕ್ಕೆ ಇನ್ನೊಂದು ಕಣ್ಣು ಬೇಕು, ಮನೆಯಲ್ಲಿ ಇದ್ದವಳು ನಾನೊಬ್ಬಳು.

ಹೆಂಗಸು ಲೇತಿನ ಪಕ್ಕ ಬಂದು ನಿಂತರೆ ಓಣಿಯೆಲ್ಲ ಕಣ್ಣಾಗುತ್ತಿತ್ತು. ಅದಕ್ಕೆ ನಾನು ಶೆಡ್ಡಿಗೂ ಮನೆಗೂ ನಡುವಿನ ಹೊಸ್ತಿಲಲ್ಲಿ ಮೊರ ಹಿಡಿದು ಕೂತೆ. ಅಕ್ಕಿ ಆರಿಸುವ ಹೆಂಗಸನ್ನು ಯಾರು ನೋಡುತ್ತಾರೆ? ಅಲ್ಲಿಂದ ಉಳಿಯ ಮೊನೆ ಕೈಯಳತೆಯಲ್ಲಿ ಕಾಣುತ್ತಿತ್ತು. ಮೊನೆ ತಾಗಿದ ಕೂಡಲೇ ಮೊರವನ್ನು ಒಂದು ಸಲ ತಟ್ಟುವುದು, ಏನಾದರೂ ತಪ್ಪು ಕಂಡರೆ ಎರಡು ಸಲ ತಟ್ಟುವುದು. ಒಂದು ತಟ್ಟಿದರೆ ಕೊಯ್ಯಬಹುದು, ಎರಡು ತಟ್ಟಿದರೆ ನಿಲ್ಲಬೇಕು. ಇಷ್ಟೇ ನಮ್ಮ ಭಾಷೆ. ಅಕ್ಕಿ ಕೇರುವವರೆಲ್ಲ ಮೊರ ತಟ್ಟುತ್ತಾರೆ, ಯಾರಿಗೂ ಅನುಮಾನ ಬರಲಿಲ್ಲ.

ಕೆಲಸವಿಲ್ಲದ ಹೊತ್ತಿನಲ್ಲಿ ಅವರು ನನಗೆ ಕಲಿಸಿದರು. ಬೋಲ್ಟಿನ ಮೈಮೇಲೆ ಸುತ್ತಿಕೊಂಡು ಹೋಗುವ ಗೀರಿಗೆ ನಮ್ಮ ಕಡೆ ಆಟಿ ಅನ್ನುತ್ತಾರೆ. ಆಟಿ ಕೊಯ್ಯುವುದು ಎಲ್ಲಕ್ಕಿಂತ ನಾಜೂಕು. ಬೋಲ್ಟು ನಿಧಾನಕ್ಕೆ ತಿರುಗುವಾಗ ನೋಡಿದರೆ ಆ ಗೀರುಗಳು ತಾವೇ ನಡೆದುಹೋಗುವ ಹಾಗೆ ಕಾಣುತ್ತವೆ, ಯಂತ್ರದ ತಲೆಯ ಕಡೆಗೆ, ಸಾಲು ಹಿಡಿದ ಇರುವೆಗಳ ಹಾಗೆ. ದೇವರ ದೀಪಕ್ಕೆ ನಾನು ಹೊಸೆದಿದ್ದ ಬತ್ತಿಯನ್ನು ಬೋಲ್ಟಿನ ಪಕ್ಕ ಹಿಡಿದು, ನಿನ್ನ ಬತ್ತಿಯೂ ಇದೇ ತಿರುವಿನದು ನೋಡು ಎಂದು ತೋರಿಸಿ ನಗಿಸಿದ್ದರು. ಆ ದಿನಗಳಲ್ಲಿ ನಾವು ನಕ್ಕದ್ದು ಅಷ್ಟೇ ಇರಬೇಕು.

ಮಳೆ ಹಿಡಿಯಿತು. ಕಾಲುವೆ ಕೆಳಗೆ ಕ್ಯಾಂಪು ಅನ್ನುವ ವಲಸೆ ರೈತರ ಹಳ್ಳಿಗಳಲ್ಲಿ ನಾಟಿ ಮುಗಿದು, ಊರಿನ ಸುತ್ತ ಹಸಿರು ನೀರು ನಿಂತಿತು. ತಗಡಿನ ಮೇಲೆ ಮಳೆ ಬಡಿದರೆ ನನ್ನ ಮೊರದ ಸದ್ದು ಅವರಿಗೆ ಕೇಳದು, ಆಗ ಅವರು ಏನೋ ನೆಪ ಹೇಳಿ ಯಂತ್ರ ನಿಲ್ಲಿಸಬೇಕು. ಮೋಡ ಕವಿದರೆ ನನಗೆ ಮೊನೆ ಕಾಣದು. ಮಿಲ್ಲುಗಳು ಒಟ್ಟಿಗೆ ಶುರುವಾದರೆ ಬಲ್ಬು ಕೆಂಪಗಾಗಿ ಸಾಯುವ ಹಾಗೆ ಉರಿಯುತ್ತಿತ್ತು. ಹೀಗೆ ಶ್ರಾವಣ ಹೋಯಿತು, ಭಾದ್ರಪದ ಹೋಯಿತು. ಯಾವ ಕೆಲಸವೂ ಕೆಡಲಿಲ್ಲ. ಆದರೆ ದಿನವೂ ಬೆಳಗಾದರೆ ಇವತ್ತು ಕೆಡುತ್ತದೆ ಎಂದೇ ಏಳುತ್ತಿದ್ದೆ. ಹಾಲಿನವನು ಬಾಗಿಲು ಬಡಿದರೂ ಯಾರೋ ತಿಳಿದುಕೊಂಡು ಬಂದರು ಅನ್ನಿಸುತ್ತಿತ್ತು.

ಮೊರದಲ್ಲಿ ದಿನವೂ ಹೊಸ ಅಕ್ಕಿ ಎಲ್ಲಿಂದ ತರಲಿ? ಒಂದೇ ಅಕ್ಕಿಯನ್ನು ಡಬ್ಬಿಯಿಂದ ತೆಗೆಯುವುದು, ಬೆರಳಾಡಿಸುವುದು, ಸಂಜೆ ತಿರುಗಿ ಡಬ್ಬಿಗೆ ಸುರಿಯುವುದು. ಅದರಲ್ಲಿನ ಕಲ್ಲೆಲ್ಲ ಯಾವಾಗಲೋ ಮುಗಿದಿತ್ತು. ಕಣ್ಣೆಲ್ಲ ಲೇತಿನ ಮೇಲಿದ್ದವಳಿಗೆ ಅಕ್ಕಿಯ ಕಡೆ ಲಕ್ಷ್ಯವೇ ಇರಲಿಲ್ಲ.

ನವರಾತ್ರಿ ಬಂತು. ದೇವರ ಮುಂದೆ ಘಟ್ಟ ಹಾಕಿ, ಅಂದರೆ ಕಲಶ ಕೂರಿಸಿ, ದೀಪ ಹಚ್ಚಿದ್ದೆ. ಹಬ್ಬ ಮುಗಿಯುವ ತನಕ ಆ ದೀಪ ಆರಬಾರದು, ಅದಕ್ಕೆ ಅಕ್ಕಿಯ ಜೊತೆಗೆ ಅರಳೆಯನ್ನೂ ಮೊರದಲ್ಲಿಟ್ಟುಕೊಂಡು ಬತ್ತಿ ಹೊಸೆಯುತ್ತಿದ್ದೆ. ಖಂಡೇ ಪೂಜೆ, ಅಂದರೆ ಆಯುಧ ಪೂಜೆ, ಹತ್ತಿರ ಬಂದಿತ್ತು. ಆ ದಿನ ಲೇತು ತೊಳೆದು, ಕುಂಕುಮ ಹಚ್ಚಿ, ಉಳಿಗಳನ್ನೆಲ್ಲ ಪೂಜೆಗೆ ಇಟ್ಟರೆ ಯಂತ್ರಕ್ಕೆ ವಿಶ್ರಾಂತಿ. ನನಗೆ ಆ ವಿಶ್ರಾಂತಿಯ ಆಸೆ ಎಷ್ಟಿತ್ತೆಂದರೆ ದಸರೆಯ ಸೀರೆಯ ಆಸೆ ಕೂಡ ಅಷ್ಟಿರಲಿಲ್ಲ.

ಪೂಜೆಗೆ ಇನ್ನೊಂದು ದಿನ ಇದೆ ಅನ್ನುವಾಗ ಬೆಳಿಗ್ಗೆ ಸಾಹುಕಾರ ವೀರಭದ್ರಪ್ಪನವರು ನಮ್ಮ ಶೆಡ್ಡಿಗೆ ಬಂದರು. ಹಳೇ ಬಸ್ ಸ್ಟ್ಯಾಂಡಿನ ಲೇತಿನವನಿಗೆ ಕೆಲಸ ನಿಲ್ಲಿಸಿದವರು ಇವರೇ. ಮಾತು ಕಡಿಮೆ. ಬಿಳಿ ಧೋತರ, ಕರಿ ಟೊಪ್ಪಿಗೆ, ಕೈಯಲ್ಲಿ ಕೊಡೆ. ಅವರ ಹಿಂದೆ ಡ್ರೈವರ್ ಖಾಜಾಸಾಬ್, ತೊಟ್ಟಿಲ ಕೂಸನ್ನು ಎತ್ತಿಕೊಂಡವನ ಹಾಗೆ ಟವೆಲಿನಲ್ಲಿ ಸುತ್ತಿದ ಏನನ್ನೋ ಎದೆಗೆ ಅವಚಿಕೊಂಡು ಬಂದ.

ಸಾಹುಕಾರರ ಮನೆಯಲ್ಲಿ ಒಂದು ಕರಿ ಕಾರಿತ್ತು. ನಿಜಾಮರ ಕಾಲದಲ್ಲಿ ಯಾವನೋ ಅಧಿಕಾರಿ ಓಡಿಸುತ್ತಿದ್ದದ್ದು, ಅವನು ಊರು ಬಿಡುವಾಗ ಸಾಹುಕಾರರ ತಂದೆ ಕೊಂಡಿದ್ದರು. ಪ್ರತಿ ವರ್ಷ ಖಂಡೇ ಪೂಜೆಗೆ ಮೊದಲ ಕಾಯಿ ಆ ಕಾರಿಗೆ, ಮರುದಿನ ಅದರಲ್ಲಿ ಕೂತೇ ಬನ್ನಿಗೆ ಹೋಗುವುದು. ತಂದೆ ಹೋದ ಮೇಲೂ ಒಂದು ವರ್ಷ ತಪ್ಪಿರಲಿಲ್ಲ. ಈಗ ಅದರ ಗೇರ್‌ಬಾಕ್ಸು ಕೆಟ್ಟಿತ್ತು. ಬೇರೆ ಊರಿನ ಒಬ್ಬ ಮೆಕ್ಯಾನಿಕ್ಕು ಒಳಗಿನ ಶಾಫ್ಟಿನ ತುದಿಯ ನಟ್ಟು ಬಿಚ್ಚಲಾಗದೆ ಸುತ್ತಿಗೆ, ಚಾಣ ಹಚ್ಚಿ ಒಡೆದು ತೆಗೆದಿದ್ದ. ನಟ್ಟು ಚೂರಾಯಿತು, ಶಾಫ್ಟಿನ ಆಟಿಯೂ ಹೋಯಿತು. ಆಮೇಲೆ ಸರಿಮಾಡುತ್ತೇನೆಂದು ಅದರ ಮೇಲೆ ಆಟಿ ಕೊಯ್ಯುವ ಬಿಲ್ಲೆಯನ್ನು ಜುಲುಮೆಯಿಂದ ತಿರುವಿ ಇನ್ನಷ್ಟು ಕೆಡಿಸಿದ್ದ. ಆ ಶಾಫ್ಟು ಈಗ ಎಲ್ಲಿಯೂ ಸಿಗುವುದಿಲ್ಲ ಎಂದು ಖಾಜಾಸಾಬ್ ಹೇಳಿದ. ಆ ಕಾರು ಮಾಡಿದ ಕಂಪನಿಯೇ ಮುಚ್ಚಿ ಹೋಗಿ ಎಷ್ಟೋ ಕಾಲವಾಗಿತ್ತಂತೆ.

ಕೆಟ್ಟ ಆಟಿಯನ್ನು ಪೂರ್ತಿ ಕೊಯ್ದು ಹಾಕಿ, ಸ್ವಲ್ಪ ಸಣ್ಣ ಅಳತೆಯ ಹೊಸ ಆಟಿ ತೆಗೆದು, ಅದಕ್ಕೆ ತಕ್ಕ ಹೊಸ ನಟ್ಟು ಮಾಡಿಕೊಡುತ್ತೇನೆ ಎಂದರು ನಮ್ಮವರು. ಒಂದು ಸಲ ಕೊಯ್ದರೆ ಮುಗಿಯಿತು, ಹೆಚ್ಚು ಕೊಯ್ದರೆ ತಿರುಗಿ ಕೂಡಿಸಲು ಬರುವುದಿಲ್ಲ ಎಂದೂ ಹೇಳಿದರು. ಶಾಫ್ಟು ಬಿಟ್ಟು ಹೋಗಿರಿ, ಸಂಜೆ ಕಳಿಸುತ್ತೇನೆ ಎಂದರು.

ಸಾಹುಕಾರರು ಮೂಲೆಯಲ್ಲಿದ್ದ ಸ್ಟೂಲು ಎಳೆದುಕೊಂಡರು. "ಒಮ್ಮೆ ಬಿಟ್ಟು ಹೋಗೇ ಈ ಗತಿ ಆಗೈತಿ. ನಾ ಇಲ್ಲೇ ಕುಂತಿರ್ತೀನಿ, ನೀ ಮಾಡು."

ಗಿರಾಕಿಗಳು ಬಂದು ನಿಲ್ಲುತ್ತಿದ್ದರು, ಹೋಗುತ್ತಿದ್ದರು. ಹೀಗೆ ಪಟ್ಟು ಹಿಡಿದು ಎದುರಿಗೆ ಕೂತವರು ಯಾರೂ ಇರಲಿಲ್ಲ. ಕೂತವರು ಸಾಹುಕಾರರೇ ಆಗಬೇಕೆ? ಎದ್ದು ಒಳಗೆ ಹೋಗಿ ದೇವರ ಮುಂದೆ ಬೋರಲು ಬೀಳೋಣ ಅನ್ನಿಸಿತು. ಎದ್ದರೆ ಇವರು ಕುರುಡು. ಮೊರ ತಂದು ಹೊಸ್ತಿಲಲ್ಲಿ ಕೂತೆ.

ಇವರು ಶಾಫ್ಟಿನ ಗ್ರೀಸು ಒರೆಸಿದರು, ಉಗುರಿನಿಂದ ತುದಿಯ ಆಟಿಯನ್ನು ಮುಟ್ಟಿ ನೋಡಿದರು. ಅಳತೆ ತೆಗೆದುಕೊಂಡರು. ಯಂತ್ರಕ್ಕೆ ಕಟ್ಟಿದರು. ಆ ಹೊತ್ತಿಗೆ ಸಾಹುಕಾರರು ಎದ್ದು ಹೊಸ್ತಿಲ ತನಕ ಬಂದರು, ನನ್ನ ಮೊರದಿಂದ ಒಂದು ಚಿಟಿಕೆ ಅಕ್ಕಿ ಎತ್ತಿ ಅಂಗೈಯಲ್ಲಿ ಹರಡಿ ನೋಡಿದರು. ಅಕ್ಕಿ ವ್ಯಾಪಾರದವರ ಚಟ ಅದು, ಎಲ್ಲಿ ಅಕ್ಕಿ ಕಂಡರೂ ಕೈ ಹಾಕುತ್ತಾರೆ. ನಾನು ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿದೆ. ಅವರು ಅಕ್ಕಿಯನ್ನು ಮೊರಕ್ಕೆ ಸುರಿದು ಹೋಗಿ ಸ್ಟೂಲಿನ ಮೇಲೆ ಕೂತರು.

ಶಾಫ್ಟು ನೆಟ್ಟಗೆ ಕೂತಿದೆಯೋ ಇಲ್ಲವೋ ನೋಡಲು ಇವರು ಅದನ್ನು ನಿಧಾನಕ್ಕೆ ತಿರುಗಿಸಿದರು. ತುದಿಯಲ್ಲೆಲ್ಲ ಗೊಂದಲ, ಗೀರಿನ ಮೇಲೆ ಗೀರು. ಅದರಲ್ಲಿ ಎದ್ದು ಕಾಣುತ್ತಿದ್ದ ಗೀರುಗಳು ಎಂದಿನಂತೆ ಯಂತ್ರದ ತಲೆಯ ಕಡೆಗೆ ನಡೆಯುತ್ತಿದ್ದವು. ಒಳಗೆ, ಶಾಫ್ಟು ದಪ್ಪವಾಗುವ ಮೆಟ್ಟಿಲಿನ ಮಗ್ಗುಲಿಗೆ, ಒಂದೆರಡು ಸುತ್ತು ಹಳೆಯ ಆಟಿ ಹಾಗೇ ಉಳಿದಿತ್ತು. ಅವು ಹೊರಗಡೆಗೆ ನಡೆಯುತ್ತಿದ್ದವು.

ಮೊದಲು ನನ್ನ ಕಣ್ಣನ್ನೇ ನಂಬಲಿಲ್ಲ. ಹೆದರಿಕೆಗೆ ಏನೇನೋ ಕಾಣುತ್ತದೆ ಅಂದುಕೊಂಡೆ. ರೆಪ್ಪೆ ಮುಚ್ಚಿ ತೆಗೆದು ನೋಡಿದರೂ ಅಷ್ಟೇ, ತುದಿಯವು ಒಳಗೆ ಹೊರಟಿದ್ದವು, ಒಳಗಿನವು ಹೊರಗೆ. ಇವರು ಉಳಿ ಹತ್ತಿರ ತಂದರು. ಕೆಟ್ಟದ್ದನ್ನು ಕೊಯ್ದು ಹಾಕುವ ಮೊದಲ ಪಟ್ಟು ಅದು. ಅದರೊಂದಿಗೆ ಒಳಗಿನ ಆ ಎರಡು ಸುತ್ತೂ ಹೋಗುತ್ತಿದ್ದವು, ಆಮೇಲೆ ಅದು ಯಾವ ತಿರುವಿನದೆಂದು ಹೇಳುವವರು ಯಾರೂ ಇರುತ್ತಿರಲಿಲ್ಲ.

ಎರಡು ಸಲ ತಟ್ಟಿದೆ.

ಇವರ ಕೈ ನಿಂತಿತು. ಉಳಿ ಹಿಂದಕ್ಕೆ ಎಳೆದರು. ಏನು ತಪ್ಪೆಂದು ತಿಳಿಯದೆ ಶಾಫ್ಟನ್ನು ನೋಡುತ್ತ ನಿಂತರು. ಸಾಹುಕಾರರು ಅವರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ತಪ್ಪಿ ಇನ್ನೊಂದು ತಟ್ಟು ಬೀಳದಿರಲೆಂದು ಮೊರವನ್ನು ಮೊಣಕಾಲಿನ ಕೆಳಗೆ ಅದುಮಿ ಹಿಡಿದೆ. ನಮ್ಮ ಭಾಷೆಯಲ್ಲಿ ನಿಲ್ಲು ಎನ್ನಲು ಬರುತ್ತಿತ್ತು, ಯಾಕೆ ಎಂದು ಹೇಳಲು ಬರುತ್ತಿರಲಿಲ್ಲ.

"ಏನಾತು?" ಎಂದರು ಸಾಹುಕಾರರು.

ನಾನು ಎದ್ದೆ. ದೀಪ ಸಣ್ಣಗಾಗಿದೆ, ಎಣ್ಣೆಯ ಡಬ್ಬಿ ಮೇಲಿನ ಹಲಗೆಯಲ್ಲಿದೆ, ನನಗೆ ನಿಲುಕುವುದಿಲ್ಲ, ಒಮ್ಮೆ ಒಳಗೆ ಬಂದು ಇಳಿಸಿ ಕೊಡಿರೆಂದು ಇವರಿಗೆ ಹೇಳಿದೆ. ಘಟ್ಟದ ದೀಪ ಆರುತ್ತದೆಂದರೆ ಯಾರೂ ತಡೆಯುವುದಿಲ್ಲ. ಸಾಹುಕಾರರೇ ಹೋಗಿ ಬಾ ಎಂದು ಕೈ ಮಾಡಿದರು.

ಒಳಗೆ ಬಂದ ಕೂಡಲೇ ಒಂದು ಬತ್ತಿ ಅವರ ಅಂಗೈಯಲ್ಲಿಟ್ಟೆ. "ಒಳಗಿನ ಎರಡು ಸುತ್ತು ಹಿಂಗ ಇಲ್ರಿ. ಉಲ್ಟಾ ನಡದಾವು."

ಅವರು ಬತ್ತಿಯನ್ನು ನೋಡಿದರು. ನೋಡುತ್ತಿದ್ದಂತೆಯೇ ಮುಖದ ಬಣ್ಣ ಹೋಯಿತು. ಬೆರಳಿಗೆ ಸಿಕ್ಕಿದ್ದು ಆ ಮೆಕ್ಯಾನಿಕ್ಕು ಮೇಲಿಂದ ತಿರುವಿದ ಬಿಲ್ಲೆಯ ಗೀರು ಎಂದು ಅವರಿಗೆ ಆಗ ಹೊಳೆಯಿತು. ಶಾಫ್ಟಿನ ಮೂಲ ಆಟಿ ಎಡಕ್ಕೆ ತಿರುವಿದರೆ ಬಿಗಿಯಾಗುವಂಥದ್ದು. ಕೆಲವು ಹಳೆಯ ಗಾಡಿಗಳಲ್ಲಿ ಶಾಫ್ಟು ತಿರುಗುತ್ತ ನಟ್ಟು ತಾನೇ ಸಡಿಲಾಗದಿರಲಿ ಎಂದು ಹಾಗೆ ಇಡುತ್ತಾರಂತೆ. ಆ ಮೆಕ್ಯಾನಿಕ್ಕು ಬಿಚ್ಚುತ್ತೇನೆಂದು ಅದನ್ನು ಬಿಗಿ ಮಾಡುತ್ತ ಹೋಗಿದ್ದ, ಅದಕ್ಕೇ ಅದು ಬಿಚ್ಚಿರಲಿಲ್ಲ. ಇವರು ಎಂದಿನ ತಿರುವಿನಲ್ಲಿ ಕೊಯ್ದಿದ್ದರೆ ಕಾರು ಹಬ್ಬಕ್ಕೇನೋ ಹೊರಡುತ್ತಿತ್ತು. ದಾರಿಯಲ್ಲೆಲ್ಲೋ ನಟ್ಟು ಕಳಚಿ ಇಡೀ ಗೇರ್‌ಬಾಕ್ಸು ಪುಡಿಯಾಗುತ್ತಿತ್ತು, ಒಳಗೆ ಸಾಹುಕಾರರು ಕೂತಿರುತ್ತಿದ್ದರು. ಇವರು ನನ್ನ ಭುಜವನ್ನು ಒಮ್ಮೆ ಹಿಡಿದು ಬಿಟ್ಟರು.

ಹೊರಗೆ ಹೋಗಿ, ಇದು ಎಡ ಆಟಿ, ಯಂತ್ರದ ಹಲ್ಲುಚಕ್ರ ಬದಲಿಸಬೇಕು ಎಂದು ಸಾಹುಕಾರರಿಗೆ ಹೇಳಿದರು. ಎಣ್ಣೆ ಇಳಿಸಿ ಬಂದವನಿಗೆ ಅದು ಹೇಗೆ ಹೊಳೆಯಿತೆಂದು ಅವರು ಕೇಳಲಿಲ್ಲ. ಇವರು ಕೆಟ್ಟದ್ದನ್ನು ಕೊಯ್ದು ತುದಿಯನ್ನು ನುಣುಪು ಮಾಡಿದರು, ನಡುವೆ ಇನ್ನೊಂದು ಚಕ್ರ ಸೇರಿಸಿ ಉಳಿ ಎಂದಿನಂತಲ್ಲದೆ ಒಳಗಿನಿಂದ ಹೊರಕ್ಕೆ ಹೋಗುವ ಹಾಗೆ ಮಾಡಿದರು. ಎಡ ಆಟಿಗೆ ಉಳಿಯನ್ನು ಮೆಟ್ಟಿಲಿನ ಪಕ್ಕ ಶಾಫ್ಟಿನ ಸುತ್ತ ಕೊರೆದ ಸಣ್ಣ ಕಾಲುವೆಯಲ್ಲಿ ಇಳಿಸಿ ಅಲ್ಲಿಂದ ಶುರುಮಾಡಬೇಕು. ಒಂದು ಎಳೆ ಆಚೆ ಸರಿದರೆ ಮೆಟ್ಟಿಲಿಗೆ ಬಡಿಯುತ್ತದೆ, ಶಾಫ್ಟು ಹೋದಂತೆ. ನಾನು ಆ ಕಾಲುವೆಯನ್ನೇ ನೋಡುತ್ತಿದ್ದೆ. ಮೊನೆ ನಡುವಿಗೆ ಬಂದಾಗ ಒಂದು ತಟ್ಟುವುದು, ಇವರು ಕೊಯ್ಯುವುದು, ಉಳಿ ಹಿಂದಕ್ಕೆ ತರುವುದು, ಮತ್ತೆ ತಟ್ಟುವುದು. ಪ್ರತಿ ಸಲವೂ ಕೂದಲಿನಷ್ಟೇ ಆಳ. ಹೊರಗೆ ಮೋಡ ಕವಿಯುತ್ತ ಬಂತು. ಮಳೆ ಬೀಳಬೇಡ, ಇನ್ನೊಂದು ಸ್ವಲ್ಪ ಹೊತ್ತು ಬೀಳಬೇಡ ಎಂದು ಬೇಡಿಕೊಂಡೆ. ನಾಟಿ ಮಾಡಿದವರು ಕೇಳಿದ್ದರೆ ನನ್ನನ್ನು ಹೊಡೆಯುತ್ತಿದ್ದರು.

ಮಧ್ಯಾಹ್ನದ ಊಟಕ್ಕೂ ಸಾಹುಕಾರರು ಏಳಲಿಲ್ಲ. ಆಟಿ ಮುಗಿದು, ಹೊಸ ನಟ್ಟೂ ಮುಗಿದಾಗ ಇವರು ಶಾಫ್ಟನ್ನು ಖಾಜಾಸಾಬನ ಕೈಗೆ ಕೊಟ್ಟು, ನಟ್ಟು ನೀವೇ ಹಾಕಿ ನೋಡಿ ಎಂದರು. ಅವನು ರೂಢಿಯಂತೆ ಬಲಕ್ಕೆ ತಿರುವಿದ, ಹಿಡಿಯಲಿಲ್ಲ. ಅವನ ಬಾಯಿ ತೆರೆದೇ ಉಳಿಯಿತು. ಎಡಕ್ಕೆ ತಿರುವಿರೆಂದು ಇವರು ಹೇಳಿದರು. ತಿರುವಿದ. ಬೆಣ್ಣೆಯಲ್ಲಿ ಬೆರಳು ಹೋದ ಹಾಗೆ ಹೋಗಿ ಮೆಟ್ಟಿಲಿಗೆ ಕೂತಿತು.

"ಯಾ ಅಲ್ಲಾ," ಎಂದ ಖಾಜಾಸಾಬ್, ಮೆಲ್ಲಗೆ. ಸಾಹುಕಾರರು ಕೊಡೆ ತೆಗೆದುಕೊಂಡು ಎದ್ದರು. ಅವರು ಓಣಿ ದಾಟಿದ ಮೇಲೆ ನಾನು ಅಡುಗೆ ಖೋಲಿಗೆ ಹೋಗಿ ಕೂತು, ಸೀರೆಯ ಸೆರಗು ಬಾಯಿಗೆ ಇಟ್ಟುಕೊಂಡು ಅತ್ತೆ. ಹೊರಗೆ ಮಳೆ ತಗಡಿನ ಮೇಲೆ ಧೋ ಎಂದು ಸುರಿಯುತ್ತಿತ್ತು.

ಖಂಡೇ ಪೂಜೆ ಆಯಿತು. ಮರುದಿನ ವಿಜಯದಶಮಿ. ಬನ್ನಿ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಡುವ ಸಂಜೆ. ನಮ್ಮಂಥವರು ದೊಡ್ಡವರ ಮನೆಗೆ ಹೋಗಿ ಬನ್ನಿ ಕೊಟ್ಟು ಕಾಲು ಮುಟ್ಟುವುದು ಪದ್ಧತಿ. ನಾವು ಹೊರಡುವ ಮೊದಲೇ ಓಣಿಯಲ್ಲಿ ಹಾರ್ನು ಕೇಳಿಸಿತು. ಚೆಂಡು ಹೂವಿನ ಹಾರ ಹಾಕಿಕೊಂಡು ಆ ಕರಿ ಕಾರು ನಮ್ಮ ಶೆಡ್ಡಿನ ಮುಂದೆ ಬಂದು ನಿಂತಿತು. ಓಣಿಯ ಜನವೆಲ್ಲ ಬಾಗಿಲಿಗೆ ಬಂದರು. ನಾನು ಕಾರಿಗೆ ಆರತಿ ಮಾಡಲು ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತೆ. ಇವರು ಖಾಜಾಸಾಬನ ಹತ್ತಿರ ಬಗ್ಗಿ, ಗೇರು ಹೇಗೆ ಬೀಳುತ್ತದೆಂದು ಕೇಳುತ್ತಿದ್ದರು.

ಸಾಹುಕಾರರು ಆಚೆ ಬಾಗಿಲಿನಿಂದ ಇಳಿದು ಸುತ್ತು ಹಾಕಿ ಬಂದರು. ಇವರ ಬಲಗಡೆಗೆ ಬಂದು ನಿಂತು ಬನ್ನಿ ಹಿಡಿದ ಕೈ ಚಾಚಿದರು.

ಇವರು ನೋಡಲಿಲ್ಲ. ಖಾಜಾಸಾಬನ ಜೊತೆ ಮಾತಾಡುತ್ತಲೇ ಇದ್ದರು. ಆ ಕೈ ಅವರ ಕಿವಿಯ ಪಕ್ಕದಲ್ಲೇ ಇತ್ತು, ಅವತ್ತು ನನ್ನ ರೊಟ್ಟಿ ಇದ್ದ ಹಾಗೆ. ಇಡೀ ಓಣಿ ನೋಡುತ್ತಿತ್ತು. ಊರಿನ ದೊಡ್ಡವರು ತಾವಾಗಿ ಬಂದು ಬನ್ನಿ ಕೊಡುತ್ತಿದ್ದಾರೆ, ಈ ಮನುಷ್ಯ ಮುಖ ತಿರುಗಿಸಿಯೂ ನೋಡುತ್ತಿಲ್ಲ. ನನ್ನ ಕೈಯಲ್ಲಿ ಮೊರವಿರಲಿಲ್ಲ, ಆರತಿಯ ತಟ್ಟೆಯಿತ್ತು. ಅದನ್ನೇ ಬಡಿಯಲೇ, ಕೂಗಲೇ, ಏನು ಮಾಡಲಿ? ಇಷ್ಟು ದಿನ ಹೆದರಿದ್ದೆಲ್ಲ ಈ ಗಳಿಗೆಗೇ ಇತ್ತು ಎಂದುಕೊಂಡೆ.

ಸಾಹುಕಾರರು ಇವರ ಕನ್ನಡಕವನ್ನು ಮಗ್ಗುಲಿನಿಂದ ನೋಡಿದರು. ಕತ್ತೆತ್ತಿ ನನ್ನನ್ನು ನೋಡಿದರು. ಆಮೇಲೆ ಏನೂ ಆಗದವರ ಹಾಗೆ ಇವರ ಬೆನ್ನ ಹಿಂದಿನಿಂದ ನಡೆದು ಎಡಗಡೆಗೆ ಬಂದು, ತಿರುಗಿ ಕೈ ಚಾಚಿದರು.

"ಶರಣಪ್ಪ, ಬಂಗಾರ ತಗೋಪಾ. ಬಂಗಾರದಂಗ ಇರೂಣು."

ಇವರು ಗಡಬಡಿಸಿ ಎರಡೂ ಕೈಯಲ್ಲಿ ಬನ್ನಿ ತೆಗೆದುಕೊಂಡು ಅವರ ಕಾಲಿಗೆ ಬಗ್ಗಿದರು. ಆಮೇಲೆ ಸಾಹುಕಾರರು ಹೊಸ್ತಿಲಿಗೆ ಬಂದು ನನ್ನ ತಟ್ಟೆಯಲ್ಲೂ ಒಂದೆರಡು ಎಲೆ ಇಟ್ಟರು. ಹಬ್ಬ ಮುಗಿದ ಮೇಲೆ ಮಿಲ್ಲಿನ ಶಾಫ್ಟು ಕಳಿಸುತ್ತೇನೆ ಎಂದು ಓಣಿಗೆಲ್ಲ ಕೇಳುವ ಹಾಗೆ ಇವರಿಗೆ ಹೇಳಿ ಕಾರು ಹತ್ತಿದರು. ಆ ಮೇಲೆ ಅವರು ಬದುಕಿರುವ ತನಕ ನಮ್ಮ ಶೆಡ್ಡಿಗೆ ಬಂದಾಗಲೆಲ್ಲ ಇವರ ಎಡಕ್ಕೇ ನಿಲ್ಲುತ್ತಿದ್ದರು. ಯಾರ ಮುಂದೆಯೂ ಒಂದು ಮಾತು ಆಡಲಿಲ್ಲ.

ಅವತ್ತು ಸಂಜೆ ಮಾತ್ರ ನನಗೆ ಇದೇನೂ ಗೊತ್ತಿರಲಿಲ್ಲ. ಅವರಿಗೆ ಕಣ್ಣಿನ ವಿಷಯ ತಿಳಿಯಿತು, ಅಷ್ಟು ಗೊತ್ತಿತ್ತು. ಶಾಫ್ಟು ಕಳಿಸುತ್ತೇನೆಂದದ್ದು ಹಬ್ಬದ ಮಾತು, ನಾಳೆ ಬೇರೆಯವರ ಲೇತಿಗೆ ಹೋಗುತ್ತದೆ ಎಂದು ಇವರೂ ನಾನೂ ಊಟ ಬಿಟ್ಟು ಕೂತೆವು.

ಬೆಳಿಗ್ಗೆ ಖಾಜಾಸಾಬ್ ಮಿಲ್ಲಿನ ಬಂಡಿಯಲ್ಲಿ ಬಂದ. ಒಂದು ಉದ್ದನೆಯ ಶಾಫ್ಟು ಇಳಿಸಿದ. ಅದರ ಹಿಂದೆ ಒಂದು ಅಕ್ಕಿ ಚೀಲ ಇಳಿಸಿ ನನ್ನ ಹೊಸ್ತಿಲಿಗೆ ತಂದಿಟ್ಟ. ನಾವು ಅಕ್ಕಿ ಕೇಳಿಲ್ಲವಲ್ಲ ಎಂದೆ.

"ಸಾಹುಕಾರ್ರು ಕಳಿಸ್ಯಾರವಾ," ಎಂದ ಅವನು, ಅದೇನೆಂದು ತನಗೂ ತಿಳಿಯದವನ ಹಾಗೆ. "ಆರಿಸಿದ ಅಕ್ಕೀನ ಆ ತಂಗಿ ಎಷ್ಟು ಸಲ ಆರಸ್ತಾಳ, ಅಕ್ಕಿ ಬಲ್ಲವರು ಯಾರರ ನೋಡಿದ್ರ ತಿಳೀತೈತಿ. ಇದನ್ನ ಕೊಟ್ಟು ಬಾ ಅಂದ್ರು."

ಅವನು ಹೋದ ಮೇಲೆ ಚೀಲದ ಹೊಲಿಗೆ ಬಿಚ್ಚಿ ಒಂದು ಬೊಗಸೆ ಮೊರಕ್ಕೆ ಹಾಕಿದೆ. ಬೆರಳಾಡಿಸಿದೆ. ಕಣ್ಣು ತುಂಬಿ ಮೊದಲು ಏನೂ ಕಾಣಲಿಲ್ಲ. ಒರೆಸಿಕೊಂಡು ನೋಡಿದೆ. ಮಿಲ್ಲಿನಲ್ಲಿ ಜರಡಿ ಹಿಡಿಯದ ಅಕ್ಕಿ ಅದು, ತುಂಬ ಕಲ್ಲಿದ್ದವು.